ಮೊಳೆಯದ ನಾಲ್ಕು ಕುಡಿಕೆಗಳು

"ಇನ್ನೊಂಚೂರು ದೊಡ್ಡದಾಗಿ ಇಡೇ. ಮುತ್ತೈದೆ ಹಣೆ ಅದು, ದೂರಕ್ಕೆ ಕಾಣ್ಬೇಕು" ಎಂದು ಅತ್ತೆ ಮುನಿಯಕ್ಕ ಕುರ್ಚಿಯಿಂದಲೇ ಹೇಳಿದಳು.

ವಾಣಿ ಬೆರಳಿಗೆ ಮತ್ತೆ ಕುಂಕುಮ ಹಚ್ಚಿಕೊಂಡು ಅಕ್ಕಯಮ್ಮನ ಹಣೆಯ ಬೊಟ್ಟನ್ನು ಅಗಲ ಮಾಡಿದಳು. ಚರ್ಮ ತಣ್ಣಗಿತ್ತು. ಕುಂಕುಮ ನಿಲ್ಲದೆ ಮೂಗಿನ ಮೇಲೆ ಉದುರಿತು. ಅದನ್ನು ಸೆರಗಿನ ತುದಿಯಿಂದ ಒರೆಸಿದಳು.

ಅಕ್ಕಯಮ್ಮನಿಗೆ ಅರವತ್ತೆರಡು. ಗಂಡ ಮಾಯಣ್ಣ ಇರುವಾಗಲೇ ಹೋದದ್ದರಿಂದ ಚಾಮರಾಜಪೇಟೆಯ ಆ ಬೀದಿಯ ಹೆಂಗಸರ ಪ್ರಕಾರ ಅದು ಪುಣ್ಯದ ಸಾವು. ಹಜಾರದಲ್ಲಿ ಸಾಲು ನಿಂತಿತ್ತು. ಒಬ್ಬೊಬ್ಬರೇ ಬಂದು ಪಾದಕ್ಕೆ ಅರಿಶಿನ ಹಚ್ಚಿ, ಹಣೆಯ ಕುಂಕುಮದಲ್ಲಿ ಚಿಟಿಕೆ ತೆಗೆದು ತಮ್ಮ ತಾಳಿಗೆ ಇಟ್ಟುಕೊಂಡು ಹೋಗುತ್ತಿದ್ದರು. ಸಾಲಿನಲ್ಲಿದ್ದ ನೆಂಟರು ಯಾರೂ ಇಪ್ಪತ್ತು ವರ್ಷದಿಂದ ಒಂದು ಶುಭಕಾರ್ಯದಲ್ಲೂ ಅಕ್ಕಯಮ್ಮನ ಕೈಯಿಂದ ಕುಂಕುಮ ಇಡಿಸಿಕೊಂಡವರಲ್ಲ. ಅವಳ ಕೈ ಆಗಿಬರುವುದಿಲ್ಲ ಎಂಬುದು ಆ ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆರತಿಗೆ, ಬಾಗಿನಕ್ಕೆ, ಮೊಳಕೆ ಹಾಕುವುದಕ್ಕೆ ಅವಳನ್ನು ಕರೆಯುತ್ತಿರಲಿಲ್ಲ. ಅಡುಗೆಮನೆಗೆ ಕರೆಯುತ್ತಿದ್ದರು.

ಅದು ಸುಳ್ಳು ಎಂಬುದಕ್ಕೆ ಪುರಾವೆ ಇದ್ದದ್ದು ವಾಣಿಯ ಬಳಿ ಮಾತ್ರ. ಆ ಮನೆಯ ಕಿರಿಯ ಸೊಸೆ, ಬಸವನಗುಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಶವ ಎತ್ತುವ ಮೊದಲು ಹೇಳಿಬಿಡಬೇಕು ಎಂದು ಆಂಬುಲೆನ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದ್ದಳು. ಅತ್ತೆಗೆ, ಇಲ್ಲವೆ ನಾದಿನಿಗೆ. ಯಾರಾದರೂ ಒಬ್ಬರಿಗೆ.

"ವಾಣಿ, ಅತ್ತಿಗೇದು ಒಂದು ಫೋಟೋ ಬೇಕಲ್ಲ." ಅವಳ ಗಂಡ ಅನಿಲ್ ಕುಮಾರ್ ಕಿವಿಗೆ ಫೋನು ಹಿಡಿದುಕೊಂಡೇ ಒಳಗೆ ಬಂದ. "ಸುಲ್ತಾನ್‌ಪೇಟೆ ಬದರಿ ಲೈನಲ್ಲಿದಾನೆ. ಈಗ ಕಳಿಸಿದ್ರೆ ಮಧ್ಯಾಹ್ನಕ್ಕೆ ಫ್ಲೆಕ್ಸ್ ಕೊಡ್ತಾನಂತೆ."

"ನಿಮ್ಮ ಫೋನಲ್ಲಿಲ್ವಾ?"

"ಆಧಾರ್‌ದೊಂದಿದೆ. ಅದ್ರಲ್ಲಿ ಯಾರಿಗೋ ಹೊಡೆಯಕ್ಕೆ ಬಂದಂಗಿದಾರೆ."

"ಈ ಮನೇಲಿ ಎಷ್ಟು ಮದ್ವೆ ಆಯ್ತು, ಎಷ್ಟು ನಾಮಕರಣ ಆಯ್ತು" ಎಂದಳು ಮುನಿಯಕ್ಕ. "ನನ್ನ ಹಿರೀ ಸೊಸೇದು ಒಂದು ಫೋಟೋ ಇಲ್ವಾ? ಸರಿಯಾಗಿ ಹುಡುಕ್ರೋ."

ಎಲ್ಲರೂ ಫೋನು ತೆಗೆದು ಹುಡುಕತೊಡಗಿದರು. ಎದುರು ಮನೆಯ ಪ್ರಿಯಂವದಾ, "ನಮ್ಮ ಗೃಹಪ್ರವೇಶದಲ್ಲಿ ಇದ್ರಲ್ಲ, ಒಬ್ಬಟ್ಟೆಲ್ಲ ಅವರೇ ತಟ್ಟಿದ್ದು" ಎಂದು ಬೆರಳಾಡಿಸಿ, ಕೊನೆಗೆ ಒಂದು ಚಿತ್ರಕ್ಕೆ ಬಂದು ಬೆರಳು ನಿಲ್ಲಿಸಿದಳು. "ಒಬ್ಬಟ್ಟಿನ ಫೋಟೋ ಇದೆ. ಪಕ್ಕದಲ್ಲಿ ಅವರ ಮೊಣಕೈ."

ಒಬ್ಬಿಬ್ಬರು ನಕ್ಕು ತಕ್ಷಣ ಬಾಯಿಗೆ ಸೆರಗು ಹಿಡಿದರು.

ಸಾಲಿಗೆ ಬಾರದೆ ಕಿಟಕಿಯ ಹತ್ತಿರವೇ ನಿಂತಿದ್ದ ಶಿವರಂಜಿನಿ ಆಗ ಮಾತಾಡಿದಳು. ಮುನಿಯಕ್ಕನ ಕಿರಿಮಗಳು, ವಾಣಿಯ ನಾದಿನಿ; ಮದುವೆ ಮುರಿದು ಬಂದಮೇಲೆ ಮಲ್ಲೇಶ್ವರದಲ್ಲಿ ಒಬ್ಬಳೇ ಇರುವವಳು. "ಮೇಲಿನ ಟ್ರಂಕಲ್ಲಿ ನನ್ನ ಮದ್ವೆ ಆಲ್ಬಮ್ ಇದೆ. ಅದ್ರಲ್ಲಿ ದೊಡ್ಡತ್ತಿಗೆ ಇದ್ದೇ ಇರ್ತಾರೆ. ಬಾ ಅತ್ತಿಗೆ, ಹುಡ್ಕೋಣ."

ಯಾವ ಫೋಟೋ ಎಂದು ವಾಣಿಗೆ ಮೆಟ್ಟಿಲು ಹತ್ತುವ ಮೊದಲೇ ಗೊತ್ತಿತ್ತು.

*

2002ರಲ್ಲಿ ಮಹಡಿ ಕೋಣೆಯ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಗಳ ಸಾಲಿತ್ತು. ಬಾಯಿಗೆ ತೆಳು ಬಟ್ಟೆ, ಅದರ ಮೇಲೆ ರಬ್ಬರ್ ಬ್ಯಾಂಡು. ಒಳಗೆ ಕಾಳು ಮತ್ತು ಹುಳ. ವಾಣಿಯ ಎಂ.ಫಿಲ್. ಪ್ರಬಂಧದ ವಿಷಯ ಕಾಳು ಕೊರೆಯುವ ದುಂಬಿ. ಕುಲದ ಹೆಸರು ಕ್ಯಾಲೊಸೊಬ್ರೂಕಸ್. ಎಳ್ಳುಕಾಳಿನ ಗಾತ್ರ, ಕಂದು ಬಣ್ಣ. ಹೆಣ್ಣು ಕಾಳಿನ ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮರಿ ಒಳಕ್ಕೆ ಕೊರೆದುಕೊಂಡು ಹೋಗಿ, ಅಲ್ಲೇ ತಿಂದು ಬೆಳೆದು, ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ದ್ವಿದಳ ಧಾನ್ಯವಲ್ಲದ್ದು ಅದಕ್ಕೆ ಬೇಡ. ವಾಣಿ ಸಾಕಿದ್ದ ಪ್ರಭೇದಕ್ಕೆ ಹೆಸರು, ಅಲಸಂದೆ, ಅವರೆ, ತೊಗರಿ ಒಗ್ಗುತ್ತಿದ್ದವು. ಉದ್ದಿನ ಮೇಲೆ ಮೊಟ್ಟೆಯಿಟ್ಟರೂ ಮರಿಗಳು ಬದುಕುತ್ತಿರಲಿಲ್ಲ. ಯಾಕೆ ಬದುಕುವುದಿಲ್ಲ ಎಂಬುದರ ಮೇಲೆಯೇ ಪ್ರಬಂಧದ ಎರಡು ಅಧ್ಯಾಯಗಳಿದ್ದವು.

ಬಾಟಲಿ ಹೊಂದಿಸಿ ಕೊಟ್ಟವಳು ಅಕ್ಕಯಮ್ಮ. ತನ್ನ ಹಳೆಯ ಮಲ್ ಸೀರೆಯನ್ನು ಚೌಕಚೌಕವಾಗಿ ಕತ್ತರಿಸಿ ಬಟ್ಟೆ ಕೊಟ್ಟವಳೂ ಅವಳೇ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮಹಡಿಗೆ ಬಂದು, ವಾಣಿಯ ಭೂತಗನ್ನಡಿಯಲ್ಲಿ ಮೊಟ್ಟೆಗಳನ್ನು ನೋಡುತ್ತಿದ್ದಳು.

"ಇವಕ್ಕೆ ನೀರೂ ಇಡಲ್ವಲ್ಲ, ಏನು ತಿಂತಾವೆ?" ಎಂದು ಒಮ್ಮೆ ಕೇಳಿದಳು.

"ರೆಕ್ಕೆ ಬಂದ್ಮೇಲೆ ಏನೂ ತಿನ್ನಲ್ಲ ಅಕ್ಕ. ಮರಿಯಾಗಿದ್ದಾಗ ತಿಂದಿದ್ದೇ ಸಾಕು."

"ಮತ್ತೆ ಯಾಕೆ ಬದುಕಿರ್ತಾವೆ?"

"ಮೊಟ್ಟೆ ಇಡಕ್ಕೆ."

ಹೇಳಿದ ಮೇಲೆ ವಾಣಿ ನಾಲಿಗೆ ಕಚ್ಚಿಕೊಂಡಳು. ಅಕ್ಕಯಮ್ಮನಿಗೆ ಮಕ್ಕಳಿರಲಿಲ್ಲ. ಅವಳು ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟು, "ಇಷ್ಟು ತಿಳ್ಕೊಳ್ಳಕ್ಕೆ ಎಂ.ಫಿಲ್ ಬೇಕೇನೇ? ನಮ್ಮತ್ತೇನ ಕೇಳಿದ್ರೆ ಬಿಟ್ಟಿ ಹೇಳ್ತಿದ್ರು" ಎಂದಳು. ಇಬ್ಬರೂ ನಕ್ಕರು.

ಮುನಿಯಕ್ಕನಿಗೆ ಬಾಟಲಿಗಳನ್ನು ಕಂಡರಾಗುತ್ತಿರಲಿಲ್ಲ. ಶಿವರಂಜಿನಿಯ ಮದುವೆ ಗೊತ್ತಾದ ದಿನವೇ ಹೇಳಿದ್ದಳು: "ಇನ್ನೊಂದು ಹುಳ ಬಾಟ್ಲಿ ಬಿಟ್ಟು ಆಚೆ ಕಂಡ್ರೆ ಎಲ್ಲಾನೂ ಮೋರಿಗೆ ಸುರೀತೀನಿ. ಆಮೇಲೆ ನಿನ್ನ ಓದೂ ಬೇಡ, ಗೀದೂ ಬೇಡ." ಪ್ರಬಂಧ ಒಪ್ಪಿಸಲು ಎರಡು ತಿಂಗಳು ಉಳಿದಿತ್ತು.

ಮದುವೆಗೆ ಮೊದಲು ಒಂಬತ್ತು ಮಣ್ಣಿನ ಕುಡಿಕೆಗಳಲ್ಲಿ ಒಂಬತ್ತು ಬಗೆಯ ಧಾನ್ಯ ಬಿತ್ತುವುದು ಆ ಮನೆಯ ಪದ್ಧತಿ. ಧಾರೆಯ ಹೊತ್ತಿಗೆ ಮೊಳಕೆ ಬೆರಳುದ್ದ ಬಂದಿರಬೇಕು. ಬಿತ್ತುವವಳು ಹಿರಿಯ ಸೊಸೆ. ಪಕ್ಕದಲ್ಲಿ ತಟ್ಟೆ ಹಿಡಿಯುವವಳು ಕಿರಿಯಳು. ಧಾನ್ಯ ಮಾಗಡಿ ಕಡೆಯ ತಮ್ಮದೇ ಹೊಲದ್ದು, ಒಂದೊಂದೂ ಒಂದೊಂದು ಗಂಟಿನಲ್ಲಿ, ಅಟ್ಟದ ಮೇಲಿನ ತಗಡಿನ ಡಬ್ಬದಲ್ಲಿತ್ತು.

ಬಿತ್ತುವ ದಿನ ಬೆಳಗ್ಗೆ ವಾಣಿ ಡಬ್ಬ ಇಳಿಸಿ ತೆರೆದಳು. ಹೆಸರಿನ ಗಂಟಿನ ಮೇಲೆ ಎರಡು ದುಂಬಿಗಳು ಓಡಾಡುತ್ತಿದ್ದವು. ಗಂಟು ಬಿಚ್ಚಿದರೆ ಹಿಟ್ಟು. ಕಾಳಿನ ಮೇಲೆಲ್ಲ ಬಿಳಿ ಚುಕ್ಕೆ, ದುಂಡನೆಯ ತೂತು. ಅಲಸಂದೆ, ಅವರೆ, ತೊಗರಿಯ ಗಂಟುಗಳಲ್ಲೂ ಅದೇ. ತಲೆಯೆತ್ತಿ ನೋಡಿದಳು. ತುದಿಯ ಬಾಟಲಿಯ ರಬ್ಬರ್ ಬ್ಯಾಂಡು ಹರಿದು, ಬಟ್ಟೆ ಒಂದು ಬದಿಗೆ ಜೋತುಬಿದ್ದಿತ್ತು.

ಅಕ್ಕಿಪೇಟೆಗೆ ಹೋಗಿ ಹೊಸ ಕಾಳು ತರಲು ಹೊತ್ತಿತ್ತು. ಯಾಕೆ ಎಂದು ಒಬ್ಬರಿಗೆ ಹೇಳಿ ಹೋಗಬೇಕಿತ್ತು, ಅಷ್ಟೆ. ವಾಣಿ ಬಾಗಿಲು ಹಾಕಿಕೊಂಡು ಕಾಳನ್ನು ಜರಡಿ ಹಿಡಿದಳು. ದುಂಬಿಗಳನ್ನು ಹೊಸಕಿದಳು. ತೂತು ಕಾಣುತ್ತಿದ್ದ ಕಾಳನ್ನು ಆರಿಸಿ ಕಿಟಕಿಯಿಂದಾಚೆ ಎಸೆದಳು. ಉಳಿದವು ಹೊರಗಿಂದ ಚೆನ್ನಾಗಿ ಕಂಡವು. ಆದರೆ ಮರಿ ಹೊರಬರುವ ಮುನ್ನ ಸಿಪ್ಪೆಯನ್ನು ಮಾತ್ರ ಬಿಟ್ಟು ಒಳಗೆಲ್ಲ ತಿಂದಿರುತ್ತದೆ ಎಂಬುದನ್ನು ಪ್ರಬಂಧದಲ್ಲಿ ಚಿತ್ರಸಮೇತ ಬರೆದವಳು ಅವಳೇ.

ಭತ್ತ, ಗೋಧಿ, ರಾಗಿ, ಎಳ್ಳು, ಉದ್ದು ಮೊಳೆತವು. ಹೆಸರು, ಅಲಸಂದೆ, ಅವರೆ, ತೊಗರಿಯ ಕುಡಿಕೆಗಳಲ್ಲಿ ಬರೀ ಒದ್ದೆ ಮಣ್ಣು. ಬಿತ್ತಿದ ಕೈ ಕೆಟ್ಟದ್ದಾದರೆ ಐದು ಹೇಗೆ ಮೊಳೆತವು ಎಂದು ಯಾರೂ ಕೇಳಲಿಲ್ಲ. ಮುನಿಯಕ್ಕ ನಾಲ್ಕು ಕುಡಿಕೆಗಳನ್ನು ಹಿಂದಕ್ಕೆ ಸರಿಸಿ ಮುಂದೆ ಹೂವು ಇಟ್ಟಳು.

ಎರಡನೆಯ ವರ್ಷ ಶಿವರಂಜಿನಿ ಸೂಟ್‌ಕೇಸ್ ಸಮೇತ ತವರಿಗೆ ಬಂದಳು. ಅಷ್ಟರಲ್ಲಿ ವಾಣಿಗೆ ಎಂ.ಫಿಲ್. ಸಿಕ್ಕಿತ್ತು, ಅದರಿಂದಲೇ ಕಾಲೇಜಿನ ಕೆಲಸವೂ. ಅಕ್ಕಯಮ್ಮ ಖಾಲಿಯಾದ ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆದು, ಒಣಗಿಸಿ, ಉಪ್ಪಿನಕಾಯಿ ತುಂಬಿದ್ದಳು. ಅವಳು ಏನನ್ನೂ ಕೇಳಲಿಲ್ಲ.

*

ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಶಿವರಂಜಿನಿ ಮದುಮಗನ ಮುಖ ಬಂದಾಗಲೆಲ್ಲ ಬೇಗ ಬೇಗ ತಿರುಗಿಸಿದಳು.

"ಸಿಕ್ತು. ನೋಡು, ಎಷ್ಟು ಚೆನ್ನಾಗಿದಾರೆ!"

ಮೂವತ್ತೊಂಬತ್ತರ ಅಕ್ಕಯಮ್ಮ, ಹಸಿರು ಅಂಚಿನ ರೇಷ್ಮೆ ಸೀರೆ. ಕುಡಿಕೆಗಳ ಮುಂದೆ ಬಾಗಿ ಕುಳಿತು ನಗುತ್ತಿದ್ದಾಳೆ. ಕಣ್ಣು ಎದುರಿನ ತಟ್ಟೆಯ ಮೇಲಿದೆ. ತಟ್ಟೆ ಹಿಡಿದವಳ ಮಣಿಕಟ್ಟಿನವರೆಗೆ ಮಾತ್ರ ಚಿತ್ರದೊಳಗೆ ಬಂದಿದೆ.

ಶಿವರಂಜಿನಿ ಫೋನಿನಲ್ಲಿ ಅದನ್ನು ತೆಗೆದು ಅಣ್ಣನಿಗೆ ಕಳಿಸಿದಳು. ಆಮೇಲೆ ಟ್ರಂಕಿನ ಮುಚ್ಚಳದ ಮೇಲೆ ಕುಳಿತಳು.

"ಅತ್ತಿಗೆ, ಒಂದ್ಮಾತು. ಅವರ ಕೈ ಸರಿಯಿಲ್ಲ ಅಂತ ಮೊದ್ಲು ಅಂದಿದ್ದು ಅಮ್ಮ ಅಲ್ಲ. ನಾನು."

ವಾಣಿ ಅವಳ ಮುಖ ನೋಡಿದಳು.

"ವಾಪಸ್ ಬಂದಾಗ ಎಲ್ರೂ ಯಾಕೆ, ಏನಾಯ್ತು ಅಂತ ಪ್ರಾಣ ತಿಂತಿದ್ರು. ಅವನು ಹೊಡೀತಿದ್ದ ಅಂತ ಹೇಳಕ್ಕೆ ನಾಚಿಕೆ. ಕಾಳೇ ಮೊಳೀಲಿಲ್ವಲ್ಲಮ್ಮ, ಯಾರ ಕೈಲಿ ಬಿತ್ತಿಸಿದ್ಯೋ ಅಂದ್ಬಿಟ್ಟೆ. ಅಮ್ಮ ಅದನ್ನೇ ಹಿಡ್ಕೊಂಡ್ಳು. ಆಮೇಲೆ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ."

"ಅಕ್ಕನಿಗೆ ಗೊತ್ತಿತ್ತಾ, ಅವನು ಹೊಡೀತಿದ್ದದ್ದು?"

"ಬೆನ್ನಿಗೆ ಎಣ್ಣೆ ಹಚ್ಚಿದ್ದೇ ಅವರು. ಯಾರಿಗೂ ಹೇಳ್ಬೇಡಿ ಅಂತ ಕೈ ಮುಗಿದಿದ್ದೆ. ಹೇಳ್ಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಕೆಳಗೆ ಸಾಲಲ್ಲಿ ನಿಲ್ಲಕ್ಕೆ ಕಾಲೇ ಬರ್ತಿಲ್ಲ ನಂಗೆ."

ಕೆಳಗೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರ ಮಾತು ಕೇಳಿಸುತ್ತಿತ್ತು.

"ಅತ್ತಿಗೆ, ನೀನು ಕಾಳು, ಹುಳ ಅಂತಾನೇ ಓದಿದೋಳಲ್ವಾ. ನಿಜ ಹೇಳು. ಅವತ್ತು ಯಾಕೆ ಮೊಳೀಲಿಲ್ಲ?"

ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಯಾರೂ ಕೇಳಲಾರರು. ವಾಣಿ ಬಾಯಿ ತೆರೆದಳು. ಅಟ್ಟದ ಕಡೆ ನೋಡಿದಳು. ಅಲ್ಲಿ ಈಗ ಹಳೆಯ ಟಿವಿಯ ಪೆಟ್ಟಿಗೆಗಳಿದ್ದವು.

"ಕಾಳು ಹಳೇದಿರ್ಬೇಕು" ಎಂದಳು. ತರಗತಿಯಲ್ಲಿ ಮಾತಾಡುವ ದನಿಯೇ ಬಂತು. "ತುಂಬಾ ದಿನ ಇಟ್ರೆ ಕೆಲವು ಕಾಳು ಮೊಳೆಯೋ ಶಕ್ತಿ ಕಳ್ಕೊಳ್ತವೆ."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ..." ಎಂದು ಶಿವರಂಜಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಹಂಗಾದ್ರೆ ಎಲ್ಲಾ ನಂದೇ ಅತ್ತಿಗೆ. ಎಲ್ಲಾ ನಾನೇ ಮಾಡಿದ್ದು."

ವಾಣಿ ಅವಳ ಬೆನ್ನು ಸವರಿದಳು. ಅಲ್ಲ ಎಂದು ಹೇಳಲಿಲ್ಲ.

*

ಎತ್ತುವ ಮುಂಚೆ ಮಡಿಲು ತುಂಬಿದರು. ಶಿವರಂಜಿನಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು, ಅಕ್ಕಯಮ್ಮನ ಬಲಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಸೆಟೆದ ಕೈ ನಿಲ್ಲಲಿಲ್ಲ, ಜಾರಿತು, ಮತ್ತೆ ಇಟ್ಟುಕೊಂಡಳು. ಮುನಿಯಕ್ಕ ಎದೆ ಬಡಿದುಕೊಂಡು, "ಬಂಗಾರದಂಥ ಕೈ ಕಣೇ ನಿಂದು, ಇನ್ಯಾರು ನಂಗೆ ಮುದ್ದೆ ಕಟ್ಟಿಕೊಡ್ತಾರೆ" ಎಂದು ಹಾಡಿ ಅತ್ತಳು. ಮಾಯಣ್ಣ ಗೋಡೆಗೆ ಒರಗಿ ನಿಂತಿದ್ದ. ವ್ಯಾನಿನ ಹಿಂದಿನ ಬಾಗಿಲು ಎರಡು ಸಲ ಹಾಕಿದರೂ ಕೂರಲಿಲ್ಲ. ಮೂರನೆಯ ಸಲ ಕೂತಿತು.

ಗಂಡಸರು ಮಣ್ಣು ಮಾಡಿ ಹಿಂದಿರುಗುವ ಹೊತ್ತಿಗೆ ಫ್ಲೆಕ್ಸ್ ಬಂದಿತ್ತು. ಅನಿಲ್ ಕುಮಾರ್ ಕಾಲು ತೊಳೆದು, ಒದ್ದೆ ಪಂಚೆಯಲ್ಲೇ ಅದನ್ನು ಗೇಟಿನ ಕಂಬಿಗಳಿಗೆ ಕಟ್ಟಿದ. ಆಳುದ್ದದ ಅಕ್ಕಯಮ್ಮ. ಕೆಳಗೆ ಹೆಸರು, ಹುಟ್ಟಿದ ವರ್ಷ, ಇವತ್ತಿನ ತಾರೀಖು.

"ಕುಡಿಕೆ ಎಲ್ಲ ಕತ್ತರಿಸಿದಾನೆ ಬದರಿ" ಎಂದ. "ಈ ತಟ್ಟೆ ತೆಗೆಯಕ್ಕಾಗ್ಲಿಲ್ಲವಂತೆ. ಅದನ್ನ ತೆಗೆದ್ರೆ ಅತ್ತಿಗೆ ಕೈಯೂ ಹೋಗ್ತಿತ್ತಂತೆ."

"ಯಾರ ಕೈ ಅದು, ತಟ್ಟೆ ಹಿಡಿದಿರೋದು?" ಎಂದು ಪ್ರಿಯಂವದಾ ಕೇಳಿದಳು.

"ಯಾರೋ ನೆಂಟರಿರ್ಬೇಕು" ಎಂದ ಅನಿಲ್ ಕುಮಾರ್.

ಎಲ್ಲರೂ ಊಟಕ್ಕೆ ಒಳಗೆ ಹೋದರು. ವಾಣಿ ಗೇಟಿನ ಬಳಿಯೇ ಉಳಿದಳು. ಫ್ಲೆಕ್ಸಿನಲ್ಲಿ ಅವಳ ಆಗಿನ ಬೆರಳುಗಳು ಒಂದೊಂದೂ ಗೇಣುದ್ದ ಇದ್ದವು. ತಟ್ಟೆಯ ಅಂಚಿನ ಹೆಸರುಕಾಳು ಅಂಗಿಯ ಗುಂಡಿಗಳಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಷ್ಟು ಸಣ್ಣ ತೂತು ಅಂಥ ಫೋಟೋದಲ್ಲಿ ಮೂಡುವುದಿಲ್ಲ. ಮೂಡಿದ್ದರೂ ತೂತಿದ್ದ ಕಾಳನ್ನು ಅವಳು ಅವತ್ತೇ ಆರಿಸಿ ತೆಗೆದಿದ್ದಳು. ಅದು ಅವಳಿಗೆ ಗೊತ್ತಿತ್ತು. ಆದರೂ ಕನ್ನಡಕ ಹಣೆಗೇರಿಸಿ, ಮೂಗು ಪ್ಲಾಸ್ಟಿಕ್ಕಿಗೆ ತಾಗುವಷ್ಟು ಹತ್ತಿರ ಬಗ್ಗಿದಳು. ಇನ್ನೂ ಶಾಯಿಯ ವಾಸನೆಯಿತ್ತು. ಹತ್ತಿರ ಹೋದಷ್ಟೂ ಕಾಳು ಒಡೆದು ಹಸಿರು, ಹಳದಿ, ಕಪ್ಪು ಚುಕ್ಕೆಗಳಾಗುತ್ತಿತ್ತು.

ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸರಿಬ್ಬರು ಹೆಜ್ಜೆ ನಿಧಾನ ಮಾಡಿದರು. "ಓರಗಿತ್ತಿ ಕಣ್ರೀ. ಸ್ವಂತ ಅಕ್ಕ ತಂಗಿ ಥರ ಇದ್ರು, ಪಾಪ" ಎಂದಳು ಒಬ್ಬಳು.

ವಾಣಿ ತಿರುಗಲಿಲ್ಲ. ತೋರುಬೆರಳಿನ ಉಗುರಿನಿಂದ ಕಪ್ಪು ಚುಕ್ಕೆಗಳನ್ನು ಒಂದಾದ ಮೇಲೊಂದರಂತೆ ಕೆರೆದು ನೋಡುತ್ತಿದ್ದಳು.