ಆಫೀಸಿನ ತಣ್ಣೀರು

"ಫೋನ್ ಕೊಡಿ ವಸಂತಣ್ಣ," ಎಂದು ಶುಭಶ್ರೀ ಕೈ ಚಾಚಿದಳು.

ಅಂಗಳದ ಮೂಲೆಯಲ್ಲಿ ಮಾವಿನ ಕಟ್ಟಿಗೆ ಸೀಳುತ್ತಿದ್ದ ವಸಂತ ಕೊಡಲಿಯನ್ನು ಕೆಳಗಿಟ್ಟು ಬೆವರು ಒರೆಸಿಕೊಂಡ. ಸತ್ತ ವಿಸ್ಮಿತಾಳಿಗೆ ಅವನು ದೊಡ್ಡಮ್ಮನ ಮಗ.

"ಎಂತಕ್ಕೆ?"

"ಆ ವಿಡಿಯೋ ಉಂಟಲ್ಲ, ಅದನ್ನು ತೆಗೀಬೇಕು."

"ನಾನು ಯಾರಿಗೂ ಕಳಿಸ್ಲಿಲ್ಲ ಮಾರಾಯ್ತಿ. ನನಗೆ ಬಂದದ್ದು ಮಾತ್ರ."

"ಎಲ್ಲರಿಗೂ ಬಂದದ್ದೇ. ಕಳಿಸಿದವರು ಮಾತ್ರ ಯಾರೂ ಇಲ್ಲ. ಕೊಡಿ."

ವಸಂತ ಫೋನು ಕೊಟ್ಟ. ಅವಳು ಮೊದಲು ಗ್ರೂಪಿನಲ್ಲಿ ಅಳಿಸಿದಳು, ಆಮೇಲೆ ಗ್ಯಾಲರಿಯಲ್ಲಿ, ಕೊನೆಗೆ ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿಯಲ್ಲಿ. ಒಂದು ಕಡೆ ಸಾಯಿಸಿದರೆ ಇನ್ನೊಂದು ಕಡೆ ಉಸಿರಾಡುವ ಜಾತಿ ಅದು. ಇಷ್ಟನ್ನು ಮಾಡುವಾಗ ಒಂದು ಸಲವೂ ಅವಳ ಬೆರಳು ತಪ್ಪಿ ಆ ವಿಡಿಯೋವನ್ನು ತೆರೆಯಲಿಲ್ಲ. ಅವಳ ಸ್ವಂತ ಫೋನಿಗೂ ಅದು ಬಂದಿತ್ತು. ಅದನ್ನು ಅವಳು ನೋಡಿಯೂ ಇರಲಿಲ್ಲ, ಅಳಿಸಿಯೂ ಇರಲಿಲ್ಲ.

ನಿನ್ನೆ ಸಂಜೆ ಮೂಡುಬಿದಿರೆಯ ಆಫೀಸಿನಿಂದ ಸ್ಕೂಟರಿನಲ್ಲಿ ಮನೆಗೆ ಹೊರಟ ವಿಸ್ಮಿತಾಳಿಗೆ ಸಿದ್ಧಕಟ್ಟೆಯ ಹತ್ತಿರ ತಿರುವಿನಲ್ಲಿ ಟಿಪ್ಪರ್ ಬಡಿದಿತ್ತು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಜನ ಸೇರಿದ್ದರು. ಸೇರಿದ ಜನ ಎಂತ ಮಾಡಿದರು? ಕಿಸೆಗೆ ಕೈ ಹಾಕಿದರು. ಅವಳ ಜೀವ ಬಂಟ್ವಾಳದ ಆಸ್ಪತ್ರೆ ಮುಟ್ಟಲಿಲ್ಲ, ವಿಡಿಯೋ ಮಾತ್ರ ಬೆಳುವಾಯಿ, ವೇಣೂರು ಎಲ್ಲ ದಾಟಿ ಹೋಗಿತ್ತು. ಈಗ ಅವಳು ಐದು ಸೆಂಟ್ಸ್ ಜಾಗದ ಈ ಪುಟ್ಟ ಮನೆಯ ಅಂಗಳದಲ್ಲಿ, ಬಾಳೆ ಎಲೆಯ ಮೇಲೆ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದಾಳೆ. ತಲೆಯ ಹತ್ತಿರ ಒಡೆದ ತೆಂಗಿನಕಾಯಿಯ ಗಡಿಯಲ್ಲಿ ದೀಪ ಉರಿಯುತ್ತಿದೆ. ಪಕ್ಕದಲ್ಲಿ ಅವಳ ಅಮ್ಮ ಸುಂದರಿ ಕೂತಿದ್ದಾಳೆ, ಬೆಳಗ್ಗಿನಿಂದ ಅಲ್ಲಾಡಿಲ್ಲ.

ಆ ಅಮ್ಮನ ಕಣ್ಣಿಗೆ ವಿಡಿಯೋ ಬೀಳಬಾರದು. ಶುಭಶ್ರೀಗೆ ಇವತ್ತು ಇರುವುದು ಅದೊಂದೇ ಕೆಲಸ.

ಬೇಲಿಯ ದಣಪೆಯ ಹೊರಗೆ ಮೀನು ಮಾರುವ ಮೊಯಿದಿನಬ್ಬ ಬ್ಯಾರಿ ನಿಂತಿದ್ದರು. ಸತ್ತ ಮನೆಗೆ ಮೀನಿನ ವಾಸನೆ ಬರಬಾರದೆಂದು ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದರು. ಶುಭಶ್ರೀ ಹತ್ತಿರ ಬಂದದ್ದೇ ತಾವಾಗಿ ಫೋನು ಚಾಚಿದರು.

"ಇದರಲ್ಲಿಯೂ ಉಂಟು ಮಗಳೇ. ನನಗೆ ತೆಗೀಲಿಕ್ಕೆ ಬರುದಿಲ್ಲ. ನಿನ್ನೆಯಿಂದ ಕಿಸೆಯಲ್ಲಿ ಕೆಂಡ ಇಟ್ಟ ಹಾಗೆ ಆಗ್ತಾ ಉಂಟು."

ಅವಳು ಅಳಿಸಿ ವಾಪಸು ಕೊಟ್ಟಳು.

"ನೀನೆಂತ, ಮೊಬೈಲ್ ಅಂಗಡಿಯವಳಾ?"

"ಅಲ್ಲ ಬ್ಯಾರಿಗಳೇ. ನಾನು ವಿಸ್ಮಿತಾಳ ಒಟ್ಟಿಗೆ ಕೆಲಸ ಮಾಡುವವಳು."

"ಓ, ಕಂಪ್ಯೂಟರಿನವಳು!" ಎಂದಳು ಅಲ್ಲೇ ಇದ್ದ ನೆರೆಮನೆಯ ಹೆಂಗಸು. "ಪುಣ್ಯವಂತೆ ನೀನು. ಬಿಸಿಲಿಲ್ಲ, ಮಳೆಯಿಲ್ಲ. ಎಸಿ ರೂಮಲ್ಲಿ ಕೂತು ದಿನವಿಡೀ ವಿಡಿಯೋ ನೋಡುದು, ಅದಕ್ಕೆ ಸಂಬಳ ಬೇರೆ. ನಮ್ಮ ಮನೆಯಲ್ಲಿ ಪುಕ್ಕಟೆ ನೋಡ್ತಾರೆ."

ಶುಭಶ್ರೀ ಅವಳ ಫೋನಿಗೂ ಕೈ ಚಾಚಿದಳು. ಆ ಕೆಲಸದ ಬಗ್ಗೆ ಹೊರಗೆ ಬಾಯಿ ಬಿಡಬಾರದೆಂದು ಸೇರುವ ದಿನವೇ ಸಹಿ ಹಾಕಿಸಿಕೊಂಡಿದ್ದರು.

*

ಆ ಆಫೀಸು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಹೊರಗೆ ಬೋರ್ಡಿರಲಿಲ್ಲ. ಒಳಗೆ ಸಾಲು ಸಾಲು ಕಂಪ್ಯೂಟರ್ ಪರದೆ, ಪರದೆಯ ಮುಂದೆ ಬಿ.ಕಾಂ. ಮುಗಿಸಿದ ಹುಡುಗಿಯರು. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಹಾಕಿದ ವಿಡಿಯೋಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಹೊಡೆದದ್ದು, ಕಡಿದದ್ದು, ನೇಣು ಹಾಕಿಕೊಂಡದ್ದು. ನೋಡಬೇಕು, ಇದು ಇಂಥದ್ದು ಎಂದು ಗುಂಡಿ ಒತ್ತಬೇಕು, ಮುಂದಿನದಕ್ಕೆ ಹೋಗಬೇಕು. ಇವರು ಒತ್ತಿದ್ದನ್ನು ನೋಡಿ ಮಿಷನು ಕಲಿಯುತ್ತದಂತೆ. ಪೂರ್ತಿ ಕಲಿತ ಮೇಲೆ ಇವರು ಬೇಡವಂತೆ. ಹಗ್ಗವನ್ನೂ ನಾವೇ ಹೊಸೆದು ಕೊಡುವ ಕೆಲಸ ಎಂದು ವಿಸ್ಮಿತಾ ನಗುತ್ತಿದ್ದಳು.

ಮನೆಯಲ್ಲಿ ಅವಳು ಅಮ್ಮನಿಗೆ ಹೇಳಿದ್ದು ಬೇರೆ. "ನೀನು ಬೀಡಿ ಕಟ್ಟುವ ಮೊದಲು ಹಾಳು ಎಲೆ ಆರಿಸಿ ಬಿಸಾಡ್ತೀಯಲ್ಲ ಅಮ್ಮ, ನನ್ನದೂ ಅದೇ." ಅಮ್ಮನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಅಮ್ಮನಿಗೆ ಬೀಡಿಯ ಲೆಕ್ಕ, ಮಗಳಿಗೆ ವಿಡಿಯೋದ ಲೆಕ್ಕ.

ಶುಭಶ್ರೀ ಸೇರಿದ ವಾರ ಒಂದು ವಿಡಿಯೋ ನೋಡಿ ಬಚ್ಚಲಿಗೆ ಓಡಿ ಕಾರಿಕೊಂಡಳು. ಹಿಂದೆಯೇ ಬಂದು ಬೆನ್ನು ಉಜ್ಜಿದವಳು ವಿಸ್ಮಿತಾ. "ಸದ್ದು ಬಂದ್ ಮಾಡು. ಮುಖ ನೋಡ್ಬೇಡ, ಬದಿ ನೋಡು. ಅಂಗಡಿ, ಮರ, ಚಪ್ಪಲಿ, ಅಂಥದ್ದು ನೋಡು," ಎಂದು ಹೇಳಿಕೊಟ್ಟಳು. ಆದರೆ ತಾನು ಮಾತ್ರ ಮುಖವನ್ನೇ ನೋಡುತ್ತಿದ್ದಳು.

ಅವಳ ಮೇಜಿನ ಮೇಲೆ ಸ್ಟೀಲಿನ ಒಂದು ಬಾಟ್ಲಿ ಇರುತ್ತಿತ್ತು, ಹಾಕಿದ ತಣ್ಣೀರು ಮರುದಿನದವರೆಗೂ ತಣ್ಣಗೇ ಉಳಿಯುವಂಥದ್ದು. ಪರದೆಯಲ್ಲಿ ಯಾರಾದರೂ ಸಾಯುತ್ತಿದ್ದರೆ ಅವಳು ಗುಂಡಿ ಒತ್ತುವ ಮೊದಲು ಬಾಟ್ಲಿಯ ಮುಚ್ಚಳಕ್ಕೆ ಒಂದಿಷ್ಟು ನೀರು ಬಗ್ಗಿಸುವಳು. ಅದರಲ್ಲಿ ಬೆರಳು ಅದ್ದಿ ಪರದೆಯ ಮೇಲೆ, ಸಾಯುವವರ ಬಾಯಿ ಇರುವಲ್ಲಿ, ಮೆಲ್ಲ ಮುಟ್ಟಿಸುವಳು.

"ಎಂತ ಮಾಡುದು ನೀನು?" ಎಂದು ಶುಭಶ್ರೀ ಕೇಳಿದ್ದಳು.

"ನೀರು ಬಿಡುದು. ಪಾಪ, ಸುತ್ತ ನಿಂತವರೆಲ್ಲ ವಿಡಿಯೋ ಮಾಡ್ತಾ ಇದ್ದಾರೆ. ಅಪ್ಪ ಹೋಗುವಾಗ ಅಮ್ಮ ನನ್ನ ಬೆರಳು ಹಿಡಿದು ಹೀಗೇ ಬಿಡಿಸಿದ್ದು. ನೀರು ಸಿಗದೆ ಹೋದ ಜೀವ ಬಾಯಾರಿಕೊಂಡು ತಿರುಗ್ತದಂತೆ."

"ಹುಚ್ಚಾ ನಿನಗೆ? ಅವರು ಸತ್ತು ಎಷ್ಟು ಕಾಲ ಆಯ್ತೋ ಏನೋ."

"ಆಗ್ಲಿ. ನನ್ನ ಎದುರು ಈಗ ಸಾಯ್ತಾ ಇದ್ದಾರಲ್ಲ."

ಸಂಜೆಯ ಹೊತ್ತಿಗೆ ಅವಳ ಪರದೆಯ ತುಂಬ ನೀರಿನ ಕಲೆ. ಮೇಲ್ವಿಚಾರಕ ಶಶಿಕಿರಣ ಎರಡು ಸಲ ಕರೆದು ಎಚ್ಚರಿಸಿದ. ಕಲೆಗಾಗಿ ಅಲ್ಲ, ಹೊತ್ತಿಗಾಗಿ. ಬೇರೆಯವರು ಒತ್ತಿ ಮುಂದೆ ಹೋಗುವಲ್ಲಿ ಇವಳು ನಿಲ್ಲುತ್ತಾಳೆ, ಮೇಲಿನವರಿಗೆ ಗೊತ್ತಾಗುತ್ತದೆ, ಬರುವ ತಿಂಗಳೇ ಮಿಷನು ಇವಳಿಗಿಂತ ಬೇಗ ಒತ್ತಬಹುದು ಎಂದ.

"ಒತ್ಲಿ ಸರ್," ಎಂದಿದ್ದಳು ವಿಸ್ಮಿತಾ. "ಮಿಷನಿಗೆ ನೀರು ಬಿಡ್ಲಿಕ್ಕೆ ಬರ್ತದಾ?"

ಶಶಿಕಿರಣನಿಗೆ ಅರ್ಥವಾಗಲಿಲ್ಲ. ಹಿಂದೆ ಕೂತ ಶುಭಶ್ರೀಗೆ ನಗು ಬಂದಿತ್ತು.

ಸಂಜೆ ಹೊರಡುವಾಗ ವಿಸ್ಮಿತಾ ತಪ್ಪದೆ ಆಫೀಸಿನ ಕೂಲರಿನಿಂದ ಬಾಟ್ಲಿಯನ್ನು ಕಂಠದವರೆಗೆ ತುಂಬಿಸಿ, ಮುಚ್ಚಳವನ್ನು ಹಲ್ಲು ಕಚ್ಚಿ ತಿರುಗಿಸುತ್ತಿದ್ದಳು. ಮನೆಯಲ್ಲಿ ಫ್ರಿಜ್ಜಿಲ್ಲ. ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿದು ಅಮ್ಮನ ಗಂಟಲು ಒಣಗಿರುತ್ತದೆ. "ಅಮ್ಮನಿಗೆ ಆಫೀಸಿನ ತಣ್ಣೀರು ಅಂದ್ರೆ ಅಮೃತ ಮಾರಾಯ್ತಿ. ದಾರಿಯಲ್ಲಿ ನಾನು ಒಂದು ಗುಟುಕು ಕುಡಿದ್ರೂ ಅವರಿಗೆ ಗೊತ್ತಾಗ್ತದೆ, ಬಾಟ್ಲಿ ಎತ್ತಿ ತೂಕ ನೋಡ್ತಾರೆ!"

*

ಶಶಿಕಿರಣ ದೊಡ್ಡದೊಂದು ಹೂವಿನ ಚಕ್ರ ಹಿಡಿದುಕೊಂಡು ಬಂದ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕಾಲಿನ ಬದಿಗೆ ಇಟ್ಟು ಕೈ ಮುಗಿದ. ಅವನ ಕಣ್ಣೂ ಕೆಂಪಾಗಿತ್ತು. ಶುಭಶ್ರೀಯನ್ನು ಬದಿಗೆ ಕರೆದು ಮೆಲ್ಲ ಹೇಳಿದ.

"ನೀನು ಇವತ್ತು ಬರುದು ಬೇಡ. ನಾಳೆ ಬಂದ್ರೆ ಸಾಕು. ಮತ್ತೆ, ಅವಳ ಜಾಗಕ್ಕೆ ನಾಳೆ ಬೇರೆ ಹುಡುಗಿ ಬರ್ತಾಳೆ, ನೀನೇ ಸ್ವಲ್ಪ ಕಲಿಸಿಕೊಡ್ಬೇಕು."

"ನಾಳೆಯಾ ಸರ್?"

"ನನ್ನ ಕೈಯಲ್ಲಿ ಎಂತ ಉಂಟು ಹೇಳು?"

ಅವನ ಕೈಯಲ್ಲಿ ಏನೂ ಇರಲಿಲ್ಲ, ಅದು ನಿಜವೇ. ಯಾರ ಕೈಯಲ್ಲಿ ಇದೆಯೋ ಅವರು ಯಾವ ಸಾವಿನ ಮನೆಗೂ ಬರುವವರಲ್ಲ.

ಸುಂದರಿಯ ಅಣ್ಣ ನೋಣಯ್ಯ ತುಳಸಿ ಹಾಕಿದ ನೀರಿನ ಗಿಂಡಿ ತಂದು ತಂಗಿಯ ಮುಂದಿಟ್ಟರು. ಹೆಣ ಎತ್ತುವ ಮೊದಲು ಹತ್ತಿರದವರೆಲ್ಲ ಬಾಯಿಗೆ ನೀರು ಬಿಡಬೇಕು, ಮೊದಲು ಹೆತ್ತವಳು.

"ಬಿಡು ಸುಂದರಿ. ಹೊತ್ತಾಯ್ತು. ಎತ್ತುವ."

ಸುಂದರಿ ಗಿಂಡಿಯನ್ನು ಮುಟ್ಟಲಿಲ್ಲ. ಬೆಳಗ್ಗಿನಿಂದ ಮೊದಲ ಸಲ ಬಾಯಿ ತೆರೆದಳು.

"ಶುಭಾ, ಬಾ ಇಲ್ಲಿ."

ಶುಭಶ್ರೀ ಹೋಗಿ ಪಕ್ಕದಲ್ಲಿ ಕುಕ್ಕರಿಸಿದಳು.

"ನೀನು ಎಲ್ಲರ ಫೋನು ಹಿಡಿದು ಎಂತ ಮಾಡ್ತಾ ಇದ್ದೀ ಅಂತ ನನಗೆ ಗೊತ್ತುಂಟು ಮಗಾ. ಬೀಡಿ ಕಟ್ಟುವವಳು ನಾನು. ಕಣ್ಣು ತೊಡೆ ಮೇಲಿನ ಗೆರಸೆಯಲ್ಲಿದ್ರೂ ಕಿವಿ ಅಂಗಳದಲ್ಲೇ ಇರ್ತದೆ."

"ಅಮ್ಮ, ಅದು ಬೇಡ."

"ನೋಡ್ಲಿಕ್ಕೆ ನನಗೂ ಧೈರ್ಯ ಇಲ್ಲ. ನೀನು ನೋಡಿ ಹೇಳು. ಅವಳ ಬಾಯಿಗೆ ಯಾರಾದ್ರೂ ಒಂದು ಹನಿ ನೀರು ಬಿಟ್ರಾ? ಅಷ್ಟು ಸಾಕು ನನಗೆ."

"ಈಗ ಅದನ್ನು ಕೇಳಿ ಎಂತ ಮಾಡ್ತೀ?" ಎಂದರು ನೋಣಯ್ಯ.

"ನನ್ನ ಮಗಳು ಬಾಯಾರಿ ಹೋದಳಾ, ನೀರು ಕುಡಿದು ಹೋದಳಾ ಅಂತ ಗೊತ್ತಾಗದೆ ಎತ್ತಲಿಕ್ಕೆ ಬಿಡುದಿಲ್ಲ ಅಣ್ಣ." ಸುಂದರಿಯ ಸ್ವರ ಏರಲಿಲ್ಲ. "ಈಗ ಬಿಟ್ರೆ ಹೆಣಕ್ಕೆ ಬಿಟ್ಟ ಹಾಗೆ. ನಾನು ಕೇಳುದು ಜೀವಕ್ಕೆ."

ಅಂಗಳದಲ್ಲಿ ಅಷ್ಟು ಜನ ಇದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಆ ವಿಡಿಯೋವನ್ನು ನೋಡದವರು ಅಲ್ಲಿ ಇಬ್ಬರೇ, ಹೆತ್ತವಳು ಮತ್ತು ಶುಭಶ್ರೀ.

ಅವಳು ಎದ್ದು ಮನೆಯ ಹಿಂದಿನ ಬಾವಿಕಟ್ಟೆಗೆ ಹೋದಳು. ಫೋನು ತೆಗೆದಳು. ದುಡ್ಡಿಗಾಗಿ ಇಂಥವನ್ನು ಲೆಕ್ಕವಿಲ್ಲದಷ್ಟು ನೋಡಿದವಳು, ಇದೊಂದನ್ನು ಇಷ್ಟು ಹೊತ್ತು ತೆರೆದಿರಲಿಲ್ಲ. ಸದ್ದು ಬಂದ್ ಮಾಡುವ ಹಾಗಿಲ್ಲ, ಬದಿ ನೋಡುವ ಹಾಗೂ ಇಲ್ಲ. ಮುಖವನ್ನೇ ನೋಡಬೇಕು.

ವಿಸ್ಮಿತಾ ರಸ್ತೆಯ ಅಂಚಿನಲ್ಲಿ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಬೆಳಗ್ಗೆ ಮುಡಿದಿದ್ದ ಅಬ್ಬಲಿಗೆ ಹೂ ಕೆನ್ನೆಗೆ ಅಂಟಿತ್ತು. "ಮುಟ್ಬೇಡಿ, ಪೊಲೀಸ್ ಕೇಸ್ ಆಗ್ತದೆ," ಎಂದಿತು ಒಂದು ಸ್ವರ. "ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ಕಾಣ್ತಾ ಇಲ್ಲ," ಎಂದಿತು ಇನ್ನೊಂದು. ವಿಸ್ಮಿತಾಳ ತುಟಿ ಅಲ್ಲಾಡಿತು. ಏನು ಹೇಳಿದಳೋ ಕೇಳಲಿಲ್ಲ, ಆದರೆ ಆ ತುಟಿ ಏನು ಕೇಳುತ್ತದೆಂದು ಶುಭಶ್ರೀಗೆ ಗೊತ್ತಿತ್ತು. ಎಷ್ಟೋ ಊರಿನ, ಎಷ್ಟೋ ಭಾಷೆಯ ತುಟಿಗಳು ಹಾಗೇ ಅಲ್ಲಾಡುವುದನ್ನು ಇಬ್ಬರೂ ಒಟ್ಟಿಗೆ ನೋಡಿದ್ದರು. ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಆ ಸ್ಟೀಲಿನ ಬಾಟ್ಲಿ ಉರುಳಿ ಬಿದ್ದಿತ್ತು. ಬೆರಳುಗಳು ಅದರ ಕಡೆಗೆ ಸ್ವಲ್ಪ ಸರಿದವು. ಅಷ್ಟರಲ್ಲಿ ವಿಡಿಯೋ ಮಾಡುತ್ತಿದ್ದವನ ಚಪ್ಪಲಿಯ ಕಾಲು ಮುಂದೆ ಬಂದು, ಚಿತ್ರಕ್ಕೆ ಅಡ್ಡವಾಗಿದ್ದ ಬಾಟ್ಲಿಯನ್ನು ಬದಿಗೆ ತಳ್ಳಿತು.

ಅಯ್ಯೋ ದೇವರೇ, ಎಂದು ಶುಭಶ್ರೀ ಬಾವಿಕಟ್ಟೆಯ ಮೇಲೆ ಕುಸಿದಳು. ಎಷ್ಟು ಜನ ನಿಂತಿದ್ದರು, ಒಬ್ಬನಾದರೂ ಬಗ್ಗಬಾರದಿತ್ತೇ! ಕೊಡಪಾನದಲ್ಲಿ ನೀರಿತ್ತು. ಬೆರಳು ಅದ್ದಿ ಫೋನಿನ ಮೇಲೆ, ಗೆಳತಿಯ ತುಟಿ ಇದ್ದಲ್ಲಿ, ಮುಟ್ಟಿಸಿದಳು. ಮುಟ್ಟಿದ್ದೇ ವಿಡಿಯೋ ನಿಂತುಹೋಯಿತು. ಮುಂದೆ ಓಡಿಸಿ ಕೊನೆಯವರೆಗೂ ನೋಡಿದಳು. ಯಾರೂ ಬಗ್ಗಲಿಲ್ಲ. ಆಮೇಲೆ ಮೂರೂ ಕಡೆ ಅಳಿಸಿ, ಮುಖ ತೊಳೆದುಕೊಂಡು ಅಂಗಳಕ್ಕೆ ಬಂದಳು.

"ಕೊಟ್ರು ಅಮ್ಮ."

ಸುಂದರಿ ಅವಳ ಮುಖವನ್ನೇ ನೋಡಿದಳು. "ನಿಜವಾ?"

"ನಿಜ. ಯಾರೋ ವಯಸ್ಸಾದವರು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ್ರು." ಸುಳ್ಳು ಹೇಳಿ ಅಭ್ಯಾಸವಿದ್ದವರು ಅಷ್ಟಕ್ಕೆ ನಿಲ್ಲಿಸುತ್ತಾರೆ. ಶುಭಶ್ರೀಗೆ ಅಭ್ಯಾಸವಿರಲಿಲ್ಲ, ಕಣ್ಣಿನಿಂದ ಆ ಬಾಟ್ಲಿಯೂ ಹೋಗುತ್ತಿರಲಿಲ್ಲ. "ಅವಳದ್ದೇ ಬಾಟ್ಲಿ ತೆರೆದು ಕುಡಿಸಿದ್ರು. ಎರಡು ಮೂರು ಗುಟುಕು ಕುಡಿದ್ಲು."

ಸುಂದರಿಯ ಎದೆಯಿಂದ ದೊಡ್ಡದೊಂದು ಉಸಿರು ಹೊರಬಂತು. ಆಮೇಲೆ ಅತ್ತಳು. ಬೆಳಗ್ಗಿನಿಂದ ಕಲ್ಲಿನ ಹಾಗೆ ಕೂತವಳು ಮಗಳ ಹಣೆ ಸವರಿ ಬೊಬ್ಬೆ ಹೊಡೆದು ಅತ್ತಳು. ನೋಣಯ್ಯ ತಲೆಯ ಮುಂಡಾಸಿನಲ್ಲಿ ಮುಖ ಮುಚ್ಚಿಕೊಂಡರು. ದಣಪೆಯ ಹತ್ತಿರ ಮೊಯಿದಿನಬ್ಬ ಬೇರೆ ಕಡೆ ತಿರುಗಿ ನಿಂತರು, ಅವರಿಗೆ ಗೊತ್ತಿತ್ತು.

ಅಳು ತಗ್ಗಿದ ಮೇಲೆ ಸುಂದರಿ ಗಿಂಡಿಯನ್ನು ಬದಿಗೆ ಸರಿಸಿದಳು.

"ಇದು ಬೇಡ ಅಣ್ಣ. ಅವಳ ಬಾಯಿ ಮುಟ್ಟಿದ ನೀರು ಉಂಟಲ್ಲ, ಅದನ್ನೇ ಬಿಡುವ. ವಸಂತ, ಆ ಚೀಲ ತಾ."

ರಸ್ತೆಯಲ್ಲಿ ಬಿದ್ದಿದ್ದ ವಿಸ್ಮಿತಾಳ ವಸ್ತುಗಳನ್ನು ತುಂಬಿಸಿ ಪೊಲೀಸರು ಕೊಟ್ಟ ಚೀಲ ಜಗಲಿಯ ಗೋಡೆಯಲ್ಲಿ, ಬೀಡಿಯ ಗೆರಸೆಯ ಪಕ್ಕದ ಮೊಳೆಯಲ್ಲಿ, ನಿನ್ನೆಯಿಂದ ಹಾಗೇ ತೂಗುತ್ತಿತ್ತು. ವಸಂತ ತಂದುಕೊಟ್ಟ. ಸುಂದರಿ ಒಳಗೆ ಕೈ ಹಾಕಿ ಬಾಟ್ಲಿಯನ್ನು ತೆಗೆದಳು. ಒಂದು ಬದಿ ನಗ್ಗಿತ್ತು. ದಿನಾ ಸಂಜೆ ಮಾಡುವ ಹಾಗೆ ಎತ್ತಿ ಹಿಡಿದಳು, ಹಿಡಿದ ಕೈ ಅಲ್ಲೇ ನಿಂತಿತು.

ಮುಚ್ಚಳ ತಿರುಗಲಿಲ್ಲ. ಸೆರಗು ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಾಗ ಟಕ್ಕೆಂದು ಬಿಚ್ಚಿಕೊಂಡಿತು. ಕಂಠದವರೆಗೆ ತುಂಬಿದ್ದ ನೀರು ತುಳುಕಿ ಅವಳ ಮಣಿಕಟ್ಟಿನ ಮೇಲೆ ಹರಿಯಿತು.

ಸುಂದರಿ ತಲೆ ಎತ್ತಿ ಶುಭಶ್ರೀಯನ್ನು ನೋಡಿದಳು. ಕೈ ಚಾಚಿ ಅವಳ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಬೆರಳುಗಳನ್ನು ಬಾಟ್ಲಿಗೆ ಹಚ್ಚಿ, ಅದರ ಮೇಲೆ ತನ್ನ ಬೆರಳುಗಳನ್ನು ಇಟ್ಟು, ಇಬ್ಬರೂ ಸೇರಿ ವಿಸ್ಮಿತಾಳ ಬಾಯಿಗೆ ಬಗ್ಗಿಸಿದರು. ಮುಚ್ಚಿದ ತುಟಿಯ ಬದಿಯಿಂದ ನೀರು ಕುತ್ತಿಗೆಗೆ ಇಳಿಯಿತು. ಸುಂದರಿ ಅದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಗ್ಗಿಸಿದಳು, ಮತ್ತೆ ಒರೆಸಿದಳು. ಎತ್ತುವವರು ಬಂದು ಸುತ್ತ ನಿಂತಿದ್ದರು.

ನೀರು ಇನ್ನೂ ತಣ್ಣಗೇ ಇತ್ತು.