ಎಲ್ಲಿ ಬಿಗಿ, ಹೇಳಿ

ಎರಡು ವರ್ಷದಿಂದ ನಮ್ಮ ಬೀದಿಯ ಗಂಡಸರ ಜೇಬುಗಳೆಲ್ಲ ಸೊಟ್ಟ. ಮೂಲೆಯಂಗಡಿಯ ಟೈಲರಣ್ಣನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ಭುಜ ಬಿಗಿಯುತ್ತಿತ್ತು, ಕತ್ತರಿ ತನಗೆ ತೋಚಿದ ದಾರಿ ಹಿಡಿಯುತ್ತಿತ್ತು. ಆದರೂ ನಾವ್ಯಾರೂ ಬೇರೆ ಅಂಗಡಿ ಹುಡುಕಲಿಲ್ಲ. ಸೊಟ್ಟ ಜೇಬಿನಲ್ಲೂ ಪೆನ್ನು ನಿಲ್ಲುತ್ತದಲ್ಲ.

ಮಾತ್ರೆ ಸಾಲದೆ ಹೋದಾಗ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ, ಅವರ ಮಿದುಳಿನಲ್ಲಿ ಸಣ್ಣ ತಂತಿ, ಎದೆಯ ಚರ್ಮದಡಿ ಆ ತಂತಿಗೆ ಕರೆಂಟ್ ಕೊಡುವ ಪುಟ್ಟ ಯಂತ್ರ ಇಟ್ಟರು. ಎಷ್ಟು ಕರೆಂಟ್ ಬೇಕೆಂದು ಅದನ್ನು ಹೊಂದಿಸುವುದೊಂದೇ ಬಾಕಿ. ಅಷ್ಟರಲ್ಲಿ ಟೈಲರಣ್ಣ ಹೋಗುವುದಿಲ್ಲವೆಂದು ಪಟ್ಟು ಹಿಡಿದರು. ಹೊಂದಿಸಲು ಮತ್ತೆ ಸ್ಕ್ಯಾನ್ ಬೇಡ ಎಂದು ಆಸ್ಪತ್ರೆಯವರು ಹೇಳಿದ್ದೇ ಕಾರಣ.

"ಚಿತ್ರ ನೋಡದೆ ತಲೆಗೆ ಕರೆಂಟ್ ಬಿಡ್ತಾರಂತೆ. ನಾನೇನು ಬಲ್ಬಾ?"

ಎದುರು ಮನೆಯ ನರ್ಸಮ್ಮನಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ. ಹೊಲಿಯಲು ಬಟ್ಟೆ ತಂದ ಅವರು ಸ್ಟೂಲೆಳೆದು ಕೂತು ಬಿಡಿಸಿ ಹೇಳಿದರು. ತಂತಿಯ ತುದಿಯಲ್ಲಿ ನಾಲ್ಕು ಜಾಗಗಳಿವೆ. ಅವು ಕರೆಂಟ್ ಕೊಡುವುದಷ್ಟೇ ಅಲ್ಲ, ಮಿದುಳಿನ ಮಿಡಿತವನ್ನೂ ಆಲಿಸುತ್ತವೆ. ಬಿಗಿತದ ಮಿಡಿತ ಎಲ್ಲಿ ಜೋರೋ ಅಲ್ಲಿಂದ ಶುರು, ಅದಕ್ಕೇ ಮತ್ತೆ ಸ್ಕ್ಯಾನ್ ಬೇಡ. ಚೂರುಚೂರೇ ಏರಿಸುತ್ತಾರೆ, ಮಾತು ತೊದಲಿದರೆ ಇಳಿಸುತ್ತಾರೆ.

ಅಳತೆಯಿಲ್ಲದ ಕೆಲಸ ಎಂದು ಟೈಲರಣ್ಣ ಗೊಣಗಿದರು. ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆಯೆತ್ತಿದರು.

"ನೀವು ಯಾವತ್ತು ಟೇಪನ್ನ ಪೂರ್ತಿ ನಂಬಿದ್ರಿ? ಅಂಗಿ ತೊಡಿಸಿ, ಎಲ್ಲಿ ಬಿಗಿ ಹೇಳಿ ಅಂತಿದ್ರಿ. ಅವರೂ ಅದನ್ನೇ ಕೇಳೋದು, ನಿಮ್ಮ ಮಿದುಳನ್ನ."

ಟೈಲರಣ್ಣನಿಗೆ ನಗು ತಡೆಯಲಾಗಲಿಲ್ಲ. ಮರುದಿನವೇ ಹೆಂಡತಿಯ ಜೊತೆ ಆಸ್ಪತ್ರೆಗೆ ಹೊರಟರು.

ವೈದ್ಯೆ ಕಂಪ್ಯೂಟರ್ ಪರದೆಯಲ್ಲಿ ಮಿಡಿತ ನೋಡಿ ಎರಡನೆಯ ಜಾಗ ಆರಿಸಿದರು. ಕರೆಂಟ್ ಮೆಲ್ಲಗೆ ಏರಿಸುತ್ತ, ಟೈಲರಣ್ಣನ ತೋಳು ಮಡಚಿ ಬಿಡಿಸುತ್ತ ಕೇಳಿದರು: "ಈಗ ಎಲ್ಲಿ ಬಿಗಿ, ಹೇಳಿ."

ಟೈಲರಣ್ಣ ಅಭ್ಯಾಸಬಲದಿಂದ ಕಾಲರಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದರು, ಹೆಂಡತಿಯ ಕೈಚೀಲದಲ್ಲಿದ್ದ ದಾರ ಇಸಿದುಕೊಂಡರು, ಪೋಣಿಸಿದರು. ಮೊದಲ ಸಲಕ್ಕೇ ಹೋಯಿತು. ಹೆಂಡತಿ ಅಲ್ಲೇ ಅತ್ತರು, ಆಮೇಲೆ ಬೀದಿಯಿಡೀ ಹೇಳಿಕೊಂಡು ನಕ್ಕರು.

ಇನ್ನೂ ಎರಡು ಸಲ ಹೋಗಿ ಸರಿಮಾಡಿಸಿಕೊಳ್ಳಬೇಕಾಯಿತು. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ. ಈಗ ಜೇಬು ನೆಟ್ಟಗೆ ಮಾಡಿಸಲು ಅಂಗಡಿ ಮುಂದೆ ಸಾಲು. ನಾನು ಮಾತ್ರ ನನ್ನ ಅಂಗಿ ಕೊಟ್ಟಿಲ್ಲ, ಆ ಸೊಟ್ಟ ಜೇಬು ನನಗಿಷ್ಟ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರದಾದರೂ ಕೈ ನಡುಗುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ನರರೋಗ ತಜ್ಞರನ್ನು ಕಾಣಿ. ಈ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ, ನಿಮಗೆ ಯಾವುದು ಸರಿ ಎಂದು ಅವರೇ ನೋಡಿ ಹೇಳುತ್ತಾರೆ. ಹೆದರಿಕೆಯಿದ್ದರೆ ಅದನ್ನೂ ಅವರ ಮುಂದಿಡಿ. ಎಲ್ಲಿ ಬಿಗಿ ಅಂತ ನೀವು ಬಾಯಿಬಿಟ್ಟು ಹೇಳಿದರೆ ತಾನೇ ಸಡಿಲ ಮಾಡುವುದು?