ಇಸ್ತ್ರಿ ಹಾಕಿದ ಆಟಗಾರರು

ಮಗನ ಮೇಲೆ ನನಗೆ ಸಿಟ್ಟಿಲ್ಲ ಎಂದು ಚರ್ಚಿನಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆಲ್ಲ ಹೇಳುತ್ತೇನೆ. ಹಸಿ ಸುಳ್ಳು. ಕರ್ಟ್ ಒಳ್ಳೆಯವನು, ಅಪ್ಪನೆಂದರೆ ಪ್ರಾಣ ಬಿಡುತ್ತಾನೆ, ಎಲ್ಲ ನಿಜ. ಅದಕ್ಕೇ ಇನ್ನಷ್ಟು ಮೈ ಉರಿಯುತ್ತದೆ. ಕೆಟ್ಟವನಾಗಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಜನ್ಮ ಜಾಲಾಡುತ್ತಿದ್ದೆ. ಒಳ್ಳೆಯದು ಮಾಡಲು ಹೋದವನಿಗೆ ಏನೆಂದು ಬೈಯಲಿ?

ನನ್ನ ಗಂಡ ಎಮಿಲ್ ಹುಡಾಕ್ ಈ ನದಿ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ, ಅದು ಬಾಗಿಲು ಹಾಕುವವರೆಗೂ ದುಡಿದವನು. ಸಕ್ಕರೆ ಕಾಯಿಲೆ ಮೊದಲು ಅವನ ಕಣ್ಣು ತಿಂದಿತು. ಕಣ್ಣು ಹೋದ ಮೇಲೆ ಟೀವಿ ಬೇಡವಾಯಿತು, ಹೊರಗೆ ಹೋಗುವುದು ಬೇಡವಾಯಿತು. ಬೇಕಾಗಿದ್ದುದು ಒಂದು ಸಿಗಾರ್ ಡಬ್ಬಿ ಮಾತ್ರ. ಅದರ ತುಂಬ ಅವನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದ ಬೇಸ್‌ಬಾಲ್ ಕಾರ್ಡುಗಳು. ಆಗ ಮೂಲೆಯಂಗಡಿಯಲ್ಲಿ ಬಬಲ್ ಗಮ್ ಪೊಟ್ಟಣ ಕೊಂಡರೆ ಒಳಗೊಂದು ಆಟಗಾರನ ಚಿತ್ರವಿರುತ್ತಿತ್ತು. ಗಮ್ಮು ಸಂಜೆಯೊಳಗೆ ರುಚಿ ಕಳೆದುಕೊಳ್ಳುತ್ತಿತ್ತು, ಆಟಗಾರ ಜೇಬಿನಲ್ಲಿ ಉಳಿಯುತ್ತಿದ್ದ.

ಆ ಕಾರ್ಡುಗಳ ಅವಸ್ಥೆ ನೋಡಬೇಕಿತ್ತು ನೀವು! ಒಂದನ್ನು ಸೈಕಲ್ ಚಕ್ರದ ಕಡ್ಡಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿ ಅಂಚೆಲ್ಲ ಕಿತ್ತುಹೋಗಿತ್ತು. ಒಂದರ ಮೂಲೆಯನ್ನು ನಾಯಿ ಕಚ್ಚಿತ್ತು. ಎದುರು ತಂಡದವನೊಬ್ಬನಿಗೆ ಪೆನ್ನು ಒತ್ತಿ ಮೀಸೆ ಬರೆದಿದ್ದ, ಆ ಗೆರೆ ಬೆರಳಿಗೆ ಹತ್ತುತ್ತಿತ್ತು. ಒಂದಕ್ಕೆ ಸಿಗರೇಟು ತಾಗಿ ತೂತು ಬಿದ್ದಿತ್ತು. ಪಿಟ್ಸ್‌ಬರ್ಗಿನಿಂದ ಬಂದ ವ್ಯಾಪಾರಿಯೊಬ್ಬ ಒಮ್ಮೆ ಡಬ್ಬಿ ತೆರೆದು ನೋಡಿ, "ಇವೆಲ್ಲ ಕಸ ಕಣ್ರೀ, ನನ್ನ ಟೈಮ್ ಹಾಳು," ಎಂದು ಎದ್ದುಹೋದ. ಎಮಿಲನಿಗೆ ಎಷ್ಟು ಖುಷಿಯಾಯಿತೆಂದರೆ, "ಪೀಡೆ ತೊಲಗ್ತು. ಇನ್ಮೇಲೆ ಯಾವನೂ ಕೊಡ್ತೀಯಾ ಅಂತ ಕೇಳಲ್ಲ," ಎಂದು ಆವತ್ತು ಎರಡು ತಟ್ಟೆ ಕೋಸಿನ ನೂಡಲ್ಸು ತಿಂದ.

ಕಣ್ಣು ಹೋದ ಮೇಲೆ ಆ ಗಾಯಗಳೇ ಅವನಿಗೆ ಕಣ್ಣಾದವು. ಪ್ರತಿ ಶನಿವಾರ ಮಧ್ಯಾಹ್ನ ಓಟಿಸ್ ಗ್ರೀರ್ ಬರುತ್ತಿದ್ದ. ಕಾರ್ಖಾನೆಯಲ್ಲಿ ಎಮಿಲನ ಪಕ್ಕದಲ್ಲೇ ಬೆವರು ಸುರಿಸಿದವನು, ಬಾಯಿ ಅಂದರೆ ಬೊಂಬಾಯಿ. ಅಡುಗೆಮನೆಯ ಮೇಜಿನ ಮೇಲೆ ಡಬ್ಬಿ ಸುರಿದು ಒಂದು ಕಾರ್ಡನ್ನು ಎಮಿಲನ ಕೈಗಿಡುತ್ತಿದ್ದ.

"ಹೇಳೋ ಕುರುಡಾ, ಯಾರಿವನು?"

ಎಮಿಲ್ ಅಂಚು ಸವರುತ್ತಿದ್ದ, ಮೂಸುತ್ತಿದ್ದ. "ಎಲ್ಮರ್ ಟ್ರಾಸ್ಕ್. ನೀನು ಸಿಗರೇಟಲ್ಲಿ ಸುಟ್ಟೆಯಲ್ಲೋ ಪಾಪಿ, ಅವನು."

"ಸುಟ್ಟಿದ್ದೇ ಒಳ್ಳೇದಾಯ್ತು. ಒಂದು ಚೆಂಡಾದ್ರೂ ನೆಟ್ಟಗೆ ಹೊಡೆದಿದ್ನಾ ಅವನು?"

"ಮುಚ್ಚೋ! ಟ್ರಾಸ್ಕ್ ಹೊಡೆದ ಚೆಂಡು ನಿನ್ನ ತಲೆಗೆ ಬಿದ್ದಿದ್ರೆ ಗೊತ್ತಾಗ್ತಿತ್ತು!"

ಹೀಗೆ ಸಂಜೆಯವರೆಗೆ. ಇಬ್ಬರದೂ ಗಂಟಲು ಹರಿದುಹೋಗುವಷ್ಟು ಜಗಳ. ಎಮಿಲ್ ಒಂದು ಸಲವೂ ತಪ್ಪು ಹೇಳಿದ್ದನ್ನು ನಾನು ಕಾಣೆ. ಒಂದು ಕಾಲದಲ್ಲಿ ಕಾರ್ಡು ಹರಡಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಹುಡುಗನ ಮುಖ ಈ ಮುದುಕನಲ್ಲಿ ಕಾಣುತ್ತಿದ್ದುದು ಆಗ ಮಾತ್ರ. ಅದಕ್ಕಾಗಿ ಆ ಗಲಾಟೆಯನ್ನೆಲ್ಲ ಸಹಿಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವನ ಹಿಮ್ಮಡಿಯಲ್ಲಿ ಹುಣ್ಣಾಗಿ ಕೊಳೆಯತೊಡಗಿತು. ಪಾದ ಕತ್ತರಿಸಿದರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಕಾಲಿನ ವಿಚಾರ ಕೇಳಲಿಲ್ಲ. "ವೆರ್ನಾ, ಡಬ್ಬಿ ತಾ," ಎಂದ. ಮನೆಗೆ ಹೋಗಿ ನೋಡಿದರೆ ಕಪಾಟಿನ ಮೇಲೆ ಡಬ್ಬಿಯಿಲ್ಲ. ಮನೆಯ ಇನ್ನೊಂದು ಬೀಗದಕೈ ಇದ್ದದ್ದು ಕರ್ಟ್ ಹತ್ತಿರ, ಅವನಿಗೆ ಫೋನು ಹಚ್ಚಿದೆ.

"ನನ್ನ ಹತ್ರಾನೇ ಇದೆ ಅಮ್ಮ. ಅಪ್ಪಂಗೆ ಹೇಳ್ಬೇಡ, ಸರ್ಪ್ರೈಸ್."

"ಸರ್ಪ್ರೈಸು ಹಾಳಾಗ್ಲಿ, ಮೊದಲು ತಂದುಕೊಡೋ! ಅಪ್ಪ ಕೇಳ್ತಾ ಇದಾನೆ."

"ಕಳಿಸಿ ಆಯ್ತಮ್ಮ. ಸ್ವಲ್ಪ ಟೈಮ್ ಹಿಡಿಯುತ್ತೆ. ನೀನೇ ನೋಡ್ತೀಯಲ್ಲ, ಅಪ್ಪ ಎಷ್ಟು ಖುಷಿ ಪಡ್ತಾನೆ ಅಂತ."

ಎಲ್ಲಿಗೆ ಕಳಿಸಿದೆ ಎಂದರೆ ಬಾಯಿ ಬಿಡಲೊಲ್ಲ. ಎಮಿಲನಿಗೆ ಏನೇನೋ ಸಬೂಬು ಹೇಳಿದೆ. ಆಸ್ಪತ್ರೆಗೆ ತರಬಾರದಂತೆ, ಸೋಂಕಂತೆ, ನನ್ನ ತಲೆಯಂತೆ. ಮನೆಗೆ ಬಂದ ಮೇಲೆ ಸಬೂಬು ಮುಗಿಯಿತು. "ಕರ್ಟ್ ತಗೊಂಡು ಹೋಗಿದಾನೆ, ತರ್ತಾನೆ," ಎಂದೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಮುಟ್ಟಿದ ಊಟ ಅರ್ಧಕ್ಕೇ ಬಿಡುತ್ತಿದ್ದ. ಕೃತಕ ಕಾಲಿನ ಅಳತೆ ತೆಗೆಯಲು ಬಂದವರನ್ನು ವಾಪಸು ಕಳಿಸಿದ. ಶನಿವಾರ ಓಟಿಸ್ ಬಂದರೆ ಇಬ್ಬರೂ ಖಾಲಿ ಮೇಜಿನ ಎರಡು ಕಡೆ ಕೂತು ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಅವರಿಬ್ಬರ ಬಾಯಲ್ಲಿ ಹವಾಮಾನ! ನನಗೆ ಹೆದರಿಕೆಯಾಯಿತು. ಡಬ್ಬಿ ಬಂದರೆ ಈ ಮನುಷ್ಯ ಬದುಕಿಕೊಳ್ಳುತ್ತಾನೆ, ಬರದಿದ್ದರೆ ಇಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ವಸಂತದ ಒಂದು ಭಾನುವಾರ ಕರ್ಟ್ ಬಂದ. ಕೈಯಲ್ಲಿ ದೊಡ್ಡ ಪೆಟ್ಟಿಗೆ, ಮುಖದಲ್ಲಿ ಮದುವೆ ಮನೆಯ ಕಳೆ. ಅಪ್ಪನ ತೊಡೆಯ ಮೇಲೆ ಪೆಟ್ಟಿಗೆ ಇಟ್ಟು, "ತೆಗಿ ಅಪ್ಪ," ಎಂದ.

ಎಮಿಲ್ ಮುಚ್ಚಳ ತೆಗೆದ. ಒಂದನ್ನು ಎತ್ತಿ ಸವರಿದ. ತಿರುಗಿಸಿ ಸವರಿದ. "ಇದೇನೋ, ನೆಲದ ಟೈಲ್ಸಾ?"

ಕರ್ಟ್ ನಕ್ಕ. "ನಿನ್ನ ಕಾರ್ಡೇ ಅಪ್ಪ! ಒಂದೊಂದನ್ನೂ ಗಟ್ಟಿ ಪ್ಲಾಸ್ಟಿಕ್ಕಲ್ಲಿ ಸೀಲ್ ಮಾಡ್ಸಿದೀನಿ. ಮೇಲೆ ಆಟಗಾರನ ಹೆಸರು, ವರ್ಷ, ಅಸಲಿ ಅಂತ ಪರೀಕ್ಷೆ ಮಾಡೋ ಕಂಪನಿ ಮುದ್ರೆ. ಇನ್ನು ನೂರು ವರ್ಷ ಏನೂ ಆಗಲ್ಲ. ಈಗಿನ ಕಾಲದಲ್ಲಿ ಇದಕ್ಕೇ ಬೆಲೆ. ಡಬ್ಬೀಲಿ ಬಿದ್ದು ಪುಡಿಪುಡಿ ಆಗ್ತಿತ್ತಲ್ಲ, ನಂಗೆ ಹೊಟ್ಟೆ ಉರೀತಿತ್ತು."

ಎಮಿಲ್ ಆ ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದ. ಸಂದಿಯಿರಲಿಲ್ಲ. ಮೂಗಿಗೆ ಹಿಡಿದ. ಆಮೇಲೆ ಅದನ್ನು ಮೆಲ್ಲಗೆ ವಾಪಸು ಇಟ್ಟ. "ಬಹಳ ಚೆನ್ನಾಗಿದೆ ಮಗ. ಬಹಳ ಖರ್ಚಾಗಿರಬೇಕು," ಎಂದ. ನಾನು ಬಾಯಿ ತೆರೆದೆ. ನನ್ನ ಉಸಿರಿನಲ್ಲೇ ಅವನಿಗೆ ತಿಳಿಯಿತೇನೋ, "ವೆರ್ನಾ, ಕಾಫಿ ಮಾಡು," ಎಂದ. ಮಾಡಿದೆ.

ಮರುದಿನ ಬೆಳಗ್ಗೆಯೇ ಓಟಿಸನನ್ನು ಕರೆಸಿದೆ. ಅವನು ಒಂದು ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೂಗಿ ನೋಡಿ, "ಶವಪೆಟ್ಟಿಗೆಗೆ ಹಾಕಿಬಿಟ್ಟಿದಾನಲ್ಲ ತಾಯಿ ಇವರನ್ನ," ಎಂದ.

"ಒಡಿ," ಎಂದೆ.

"ಒಡೆದ್ರೆ ಬೆಲೆ ಹೋಗುತ್ತೆ. ಕರ್ಟ್ ಬೇಜಾರು ಮಾಡ್ಕೋತಾನೆ."

"ಬೆಲೆ ಕಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ? ನೀನು ಒಡೀತೀಯೋ, ನಾನು ಸುತ್ತಿಗೆ ತರ್ಲೋ?"

ಎಮಿಲ್ ತಲೆಯೆತ್ತಿದ. ಎಷ್ಟೋ ವಾರಗಳ ಮೇಲೆ ಅವನ ಮುಖಕ್ಕೆ ರಕ್ತ ಬಂದಿತ್ತು. "ಹುಷಾರಾಗಿ ಕಣೋ. ಇಕ್ಕಳ ತಗೋ. ಒಳಗಿರೋರಿಗೆ ನೋವಾಗ್ಬಾರ್ದು."

ಓಟಿಸ್ ಇಕ್ಕಳದಲ್ಲಿ ಮೂಲೆ ಹಿಡಿದು ಮುರಿದ. ಪ್ಲಾಸ್ಟಿಕ್ಕು ಲಟಕ್ಕೆಂದು ಸೀಳಿತು. ಒಳಗಿನ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಎಮಿಲನ ಅಂಗೈಗಿಟ್ಟ. ಎಮಿಲ್ ನಾಲ್ಕೂ ಮೂಲೆ ಮುಟ್ಟಿದ, ಹೆಬ್ಬೆರಳನ್ನು ಮಧ್ಯದಲ್ಲಿ ಎಳೆದ. ಮೂಸಿದ. ಮತ್ತೆ ಮೊದಲಿನಿಂದ ಮುಟ್ಟಿದ.

"ಓಟಿಸ್, ಇದು ಯಾರು?"

ನಾನು ಬಗ್ಗಿ ನೋಡಿದೆ. ಟ್ರಾಸ್ಕ್. ಆದರೆ ಸಿಗರೇಟಿನ ತೂತೆಲ್ಲಿ? ಅಲ್ಲಿ ಕಾಗದ ತುಂಬಿ, ಬಣ್ಣ ಹಚ್ಚಿ, ಗುರುತೇ ಸಿಗದ ಹಾಗೆ ಮಾಡಿದ್ದರು. ಇನ್ನೊಂದು ಒಡೆದೆವು, ಮತ್ತೊಂದು. ನಾಯಿ ಕಚ್ಚಿದ ಮೂಲೆ ಹೊಸದಾಗಿ ಬೆಳೆದಿತ್ತು. ಮೀಸೆ ಹೋಗಿತ್ತು. ಸೀಲು ಹಾಕಿಸುವ ಮೊದಲು ನನ್ನ ಮಗ ಯಾವನೋ ರಿಪೇರಿಯವನಿಗೆ ಕೊಟ್ಟು ಎಲ್ಲವನ್ನೂ ಒದ್ದೆ ಮಾಡಿಸಿ, ಮಡಿಕೆ ಬಿಡಿಸಿ, ಒತ್ತಿಸಿ, ಇಸ್ತ್ರಿ ಹಾಕಿದ ಅಂಗಿಯ ಹಾಗೆ ಸಪಾಟು ಮಾಡಿಸಿದ್ದ. ಹರಿದದ್ದು ನಾಚಿಕೆಗೇಡು ಎಂದುಕೊಂಡಿದ್ದ ನನ್ನ ಬಂಗಾರದಂಥ ಮಗ.

"ಸಾಕು, ನಿಲ್ಸು," ಎಂದ ಎಮಿಲ್.

ಓಟಿಸ್ ಕಣ್ಣೊರೆಸಿಕೊಂಡು, "ಅದಕ್ಕೇನಂತೆ, ಹೊಸದಾಗಿ ಗುರುತು ಮಾಡೋಣ. ಸೂಜೀಲಿ ಚುಚ್ಚೋಣ. ಇವನಿಗೆ ಒಂದು ಚುಕ್ಕೆ, ಅವನಿಗೆ ಎರಡು. ಬೇಕಾದ್ರೆ ಟ್ರಾಸ್ಕನ್ನ ಮತ್ತೆ ಸುಡ್ತೀನಿ," ಎಂದ.

"ಹೆಸರು ಯಾರಿಗೆ ಬೇಕಿತ್ತೋ?" ಎಂದ ಎಮಿಲ್. "ಆ ಕಿತ್ತ ಅಂಚು ಮುಟ್ಟಿದ್ರೆ ನಾನು ಸೈಕಲ್ ಮೇಲಿರ್ತಿದ್ದೆ. ನಮ್ಮಮ್ಮ ಊಟಕ್ಕೆ ಕೂಗೋದು ಕೇಳಿಸ್ತಿತ್ತು. ಸೂಜಿ ಚುಚ್ಚಿದ್ರೆ ಅವಳು ಕೂಗ್ತಾಳಾ?"

ಓಟಿಸ್ ಟೋಪಿ ತೆಗೆದುಕೊಂಡು ಹೊರಟ. ಹೊಸಿಲು ದಾಟುವಾಗ ನನ್ನ ಭುಜ ಒತ್ತಿದ, ಅಷ್ಟೆ. ಒಡೆದ ಪ್ಲಾಸ್ಟಿಕ್ಕನ್ನು ಕರ್ಟ್‌ಗೆ ಕಾಣದ ಹಾಗೆ ಕಸಕ್ಕೆ ಹಾಕು ಎಂದು ಎಮಿಲ್ ನನಗೆ ಹೇಳಿದ. ಆ ಹೊತ್ತಿನಲ್ಲೂ ಮಗನ ಮನಸ್ಸಿನ ಚಿಂತೆ ಅವನಿಗೆ.

ಆ ಶನಿವಾರ ಓಟಿಸ್ ಬರಲಿಲ್ಲ, ಕರ್ಟ್ ಫೋನು ಮಾಡಿದ. ಸ್ಪೀಕರಿಗೆ ಹಾಕಿದೆ. "ಅಪ್ಪ, ಆಟ ನಡೀತಿದ್ಯಾ?"

"ಒಂದೆರಡು ಒಡೆಸಿದೆ ಮಗ. ಮುಟ್ಟಬೇಕು ಅನ್ನಿಸ್ತು, ಬೇಜಾರು ಮಾಡ್ಕೋಬೇಡ."

ಕರ್ಟ್ ನಕ್ಕ. "ಇರ್ಲಿ ಬಿಡು, ನಿನ್ನವೇ ತಾನೆ. ಹಾಗಾದ್ರೆ ಒಂದನ್ನ ತೆಗೆದು ಹೇಳು, ಯಾರು ಅಂತ. ಹೊಸದಾಗಿವೆ ಈಗ, ಇನ್ನೂ ಸುಲಭ ಆಗಿರ್ಬೇಕು."

ಎಮಿಲ್ ಮೇಜಿನ ಮೇಲೆ ಕೈಯಾಡಿಸಿ ಒಂದನ್ನು ಎತ್ತಿಕೊಂಡ. ಅಂಚು ಸವರಿದ, ಮೂಸಿದ, ಮೊದಲಿನ ಹಾಗೇ. "ಡಚ್ ಕ್ರೆಮರ್," ಎಂದ. "ಜ್ವರ ಬಂದು ಮಲಗಿದ್ದಾಗ ನಮ್ಮಪ್ಪ ಕೆಲಸದಿಂದ ಬರ್ತಾ ತಂದುಕೊಟ್ಟಿದ್ದ."

ಅವನ ಕೈಯಲ್ಲಿದ್ದುದು ಕ್ರೆಮರ್ ಅಲ್ಲ. ಬೋಲಿಂಗರ್ ಎಂಬ ಯಾವನೋ ಇನ್ನೊಬ್ಬ ಆಟಗಾರ.

"ಅಮ್ಮ, ಸರೀನಾ?" ಕರ್ಟ್ ಕೇಳಿದ.

"ಸರಿ," ಎಂದೆ.

"ನೋಡಿದ್ಯಾ! ನಾನು ಹೇಳ್ಲಿಲ್ವಾ!" ಎಂದು ಅವನು ಫೋನು ಇಟ್ಟ. ಎಮಿಲ್ ಫೋನಿನ ಕಡೆ ತಿರುಗಿಸಿದ್ದ ಮುಖವನ್ನು ನನ್ನ ಕಡೆ ತಿರುಗಿಸಿದ. ಆ ಮುಖದಲ್ಲಿ ಆಸೆಯಿತ್ತು.

"ನಿಜವಾಗ್ಲೂ ಸರೀನಾ ವೆರ್ನಾ?"

"ನಿಜವಾಗ್ಲೂ."

"ಇನ್ನೊಂದು ಕೊಡು."

ಕೊಟ್ಟೆ. ಅವನೊಂದು ಹೆಸರು ಹೇಳಿದ, ತಪ್ಪು. ಸರಿ ಎಂದೆ. ಇನ್ನೊಂದು ಕೊಟ್ಟೆ. ಅದೂ ತಪ್ಪು. ಅದಕ್ಕೂ ಸರಿ ಎಂದೆ, ಸ್ವಲ್ಪ ನಗುವಿನ ದನಿಯಲ್ಲೇ ಎಂದೆ. ಇದೇ ಅವನನ್ನು ಬದುಕಿಸುವುದಾದರೆ ಸಾಯುವವರೆಗೂ ಹೀಗೇ ಸುಳ್ಳು ಹೇಳುತ್ತೇನೆ, ದೇವರ ಮುಂದೆ ನಾನೇ ಉತ್ತರ ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮತ್ತೊಂದು ಕಾರ್ಡು ಅವನ ಕೈಗಿಟ್ಟೆ. ಅವನು ಬಹಳ ಹೊತ್ತು ಸವರಿದ.

"ಡಚ್ ಕ್ರೆಮರ್," ಎಂದ.

"ಸರಿ," ಎಂದೆ.

ಅವನು ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟ.

"ನನ್ನ ಹತ್ರ ಇದ್ದಿದ್ದು ಒಬ್ಬನೇ ಕ್ರೆಮರ್, ವೆರ್ನಾ."

ಅವನು ಮೇಜಿನ ಮೇಲೆ ತಡಕಾಡಿ ನನ್ನ ಕೈ ಹುಡುಕಿದ. ಅದನ್ನು ಎರಡು ಸಲ ತಟ್ಟಿ, ಸಾರು ಏನು ಮಾಡಿದ್ದೀ ಎಂದು ಕೇಳಿದ.